ಹಕ್ಕುಪತ್ರದ ಕ್ರಿಕೆಟ್: ೨೦೦೮ರ ಲೀಗಿನ ಸ್ಥಾಪನೆಯೂ ಅದರ ಪೂರ್ವೇತಿಹಾಸವೂ

೧

ಕ್ರೀಡೆಯ ಚರಿತ್ರೆ ನಮ್ಮ ವಿದ್ವತ್ಪತ್ರಿಕೆಗಳಲ್ಲಿ ಹೆಚ್ಚಾಗಿ ಚರ್ಚೆಗೆ ಬಂದ ವಿಷಯವಲ್ಲ. ಶಾಸನಗಳನ್ನೂ ಕಂದಾಯದ ಕಡತಗಳನ್ನೂ ನಾವು ಎಷ್ಟು ಶ್ರದ್ಧೆಯಿಂದ ಪರಿಶೀಲಿಸುತ್ತೇವೆಯೋ ಅಷ್ಟೇ ಶ್ರದ್ಧೆಯಿಂದ ಆಟಗಾರನ ಕರಾರುಪತ್ರವನ್ನೂ ಹರಾಜಿನ ಪಟ್ಟಿಯನ್ನೂ ಪರಿಶೀಲಿಸಬಹುದೆಂಬುದನ್ನು ಇನ್ನೂ ಪೂರ್ಣವಾಗಿ ಒಪ್ಪಿದಂತೆ ಕಾಣುವುದಿಲ್ಲ. ಆದರೆ ಆಸ್ತಿ, ದುಡಿಮೆ, ಅಧಿಕಾರ, ಸಾರ್ವಜನಿಕ ಹಕ್ಕು ಎಂಬಿವು ಚರಿತ್ರಕಾರನ ನಿತ್ಯದ ವಿಷಯಗಳಾಗಿರುವುದಾದರೆ, ಅವೆಲ್ಲವೂ ಒಂದೆಡೆ ಕೂಡಿ ಕಾಣುವ ಸ್ಥಳಗಳಲ್ಲಿ ಆಟದ ಮೈದಾನವೂ ಒಂದು.

೨೦೦೮ನೆಯ ಇಸವಿ ಏಪ್ರಿಲ್ ೧೮ರ ಸಂಜೆ ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಇಂಡಿಯನ್ ಪ್ರೀಮಿಯರ್ ಲೀಗಿನ ಮೊದಲನೆಯ ಪಂದ್ಯ ನಡೆಯಿತು. ಕೋಲ್ಕತದ ತಂಡದ ಪರವಾಗಿ ನ್ಯೂಜಿಲೆಂಡಿನ ಬ್ರೆಂಡನ್ ಮೆಕಲಮ್ ೭೩ ಎಸೆತಗಳಲ್ಲಿ ೧೫೮ ರನ್ ಗಳಿಸಿ ಔಟಾಗದೆ ಉಳಿದನು. ಅವನ ತಂಡದ ಮೊತ್ತ ೩ ವಿಕೆಟ್‌ಗೆ ೨೨೨. ರಾಹುಲ್ ದ್ರಾವಿಡರ ನಾಯಕತ್ವದ ಬೆಂಗಳೂರು ತಂಡ ೮೨ ರನ್‌ಗಳಿಗೆ ಕುಸಿದು ೧೪೦ ರನ್‌ಗಳಿಂದ ಸೋತಿತು. ಈ ಪಂದ್ಯವನ್ನು ನೋಡಿದವರೂ ಬರೆದವರೂ ಅದನ್ನು ಒಂದು ಹೊಸ ಯುಗದ ಆರಂಭವೆಂದು ಕರೆದರು. ಆದರೆ ಅದೇ ಸ್ವರೂಪದ ಇನ್ನೊಂದು ಲೀಗು ಇದಕ್ಕೆ ನಾಲ್ಕೂವರೆ ತಿಂಗಳು ಮೊದಲೇ, ೨೦೦೭ರ ನವೆಂಬರ್ ೩೦ರಂದು, ಹರಿಯಾಣದ ಪಂಚಕುಲದಲ್ಲಿ ಆರಂಭವಾಗಿತ್ತು. ಇಂಡಿಯನ್ ಕ್ರಿಕೆಟ್ ಲೀಗ್ ಎಂಬ ಆ ಸಂಸ್ಥೆಯಲ್ಲಿಯೂ ಇಪ್ಪತ್ತು ಓವರುಗಳ ಆಟವಿತ್ತು, ನಗರಗಳ ಹೆಸರು ಹೊತ್ತ ತಂಡಗಳಿದ್ದುವು, ವಿದೇಶದ ಹೆಸರಾಂತ ಆಟಗಾರರಿದ್ದರು, ದೂರದರ್ಶನ ಪ್ರಸಾರದ ಬಲವಿತ್ತು, ಹಣಕ್ಕೂ ಕೊರತೆಯಿರಲಿಲ್ಲ. ಆದರೂ ಅದು ಎರಡು ವರ್ಷ ತುಂಬುವುದರೊಳಗೆ ನಿಂತುಹೋಯಿತು. ಇನ್ನೊಂದು ೨೦೨೫ರಲ್ಲಿ ತನ್ನ ಹದಿನೆಂಟನೆಯ ಋತುವನ್ನು ಮುಗಿಸಿತು.

ಈ ವ್ಯತ್ಯಾಸಕ್ಕೆ ಕಾರಣವೇನು? ಹಣವೆಂಬ ಉತ್ತರ ಸಾಲದು, ಏಕೆಂದರೆ ಎರಡೂ ಕಡೆ ಹಣವಿತ್ತು. ಆಟದ ಹೊಸತನವೆಂಬ ಉತ್ತರವೂ ಸಾಲದು, ಏಕೆಂದರೆ ಎರಡರ ಆಟವೂ ಒಂದೇ. ವೃತ್ತಿ ಆಟದ ಲೀಗೊಂದು ನೆಲೆಗೊಳ್ಳಬೇಕಾದರೆ ಅದಕ್ಕೆ ನಾಲ್ಕು ಅಂಗಗಳು ಬೇಕು: ಆಟಗಾರ, ಮೈದಾನ, ಆದಾಯವನ್ನು ತರುವ ಪ್ರಸಾರ, ಮತ್ತು ಇವು ಮೂರನ್ನೂ ಬಂಧಿಸುವ ಮಾನ್ಯತೆ. ಈ ನಾಲ್ಕು ಯಾರ ಯಾರ ಕೈಯಲ್ಲಿದ್ದುವು, ಅವು ಒಂದೇ ಕೈಗೆ ಬಂದಾಗ ಏನಾಯಿತು ಎಂಬುದನ್ನು ಪರಿಶೀಲಿಸುವುದೇ ಪ್ರಕೃತ ಲೇಖನದ ಉದ್ದೇಶ.

೨

ಮೊದಲು ಫ್ರಾಂಚೈಸಿ ಎಂಬ ಪದದ ಅರ್ಥವನ್ನು ಸ್ಪಷ್ಟಪಡಿಸಿಕೊಳ್ಳಬೇಕು. ಇದನ್ನು ಕನ್ನಡದಲ್ಲಿ ಹಕ್ಕುಪತ್ರವೆಂದು ಕರೆಯಬಹುದು. ೧೮೮೮ರಲ್ಲಿ ಇಂಗ್ಲೆಂಡಿನಲ್ಲಿ ಫುಟ್‌ಬಾಲ್ ಲೀಗ್ ಸ್ಥಾಪನೆಯಾದಾಗ ಅದಕ್ಕೆ ಸೇರಿದ ಹನ್ನೆರಡು ಕ್ಲಬ್ಬುಗಳೂ ಮೊದಲೇ ಇದ್ದಂಥವು. ಅವುಗಳಲ್ಲಿ ಕೆಲವು ಚರ್ಚಿನ ಆಶ್ರಯದಲ್ಲಿ ಹುಟ್ಟಿದುವು, ಕೆಲವು ಕ್ರಿಕೆಟ್ ಕ್ಲಬ್ಬುಗಳಿಂದ ಕವಲೊಡೆದುವು. ಅಲ್ಲಿ ಮೊದಲು ಊರಿನ ತಂಡ, ಅನಂತರ ಲೀಗು.

ಅಮೆರಿಕದ ಬೇಸ್‌ಬಾಲ್ ಆಟದಲ್ಲಿ ಈ ಕ್ರಮ ತಿರುಗುಮುರುಗಾಯಿತು. ೧೮೭೬ರ ಫೆಬ್ರವರಿಯಲ್ಲಿ ಶಿಕಾಗೋದ ವಿಲಿಯಂ ಹಲ್ಬರ್ಟ್ ಎಂಬ ವರ್ತಕನ ಮುಂದಾಳುತನದಲ್ಲಿ ನ್ಯಾಷನಲ್ ಲೀಗ್ ಸ್ಥಾಪಿತವಾದಾಗ ಎರಡು ನಿಯಮಗಳು ಮುಖ್ಯವಾದುವು. ಒಂದು, ಒಂದು ನಗರಕ್ಕೆ ಒಂದೇ ತಂಡ; ಆ ನಗರದ ಪ್ರೇಕ್ಷಕವರ್ಗವೆಲ್ಲ ಆ ತಂಡದ ಒಡೆಯನಿಗೇ ಮೀಸಲು. ಎರಡು, ಆಟದ ಆಡಳಿತ ಆಟಗಾರರ ಕೈಯಿಂದ ತಪ್ಪಿ ತಂಡದ ಒಡೆಯರ ಕೈಗೆ ಬರಬೇಕು. ೧೮೭೯ರಲ್ಲಿ ಇವುಗಳಿಗೆ ಕಾದಿರಿಸುವ ನಿಯಮವೂ ಸೇರಿತು: ಪ್ರತಿಯೊಂದು ತಂಡವೂ ತನ್ನ ಐವರು ಆಟಗಾರರನ್ನು ಹೆಸರಿಸಿ ಕಾದಿರಿಸಿಕೊಳ್ಳಬಹುದು, ಅವರನ್ನು ಇತರ ತಂಡಗಳು ಸೇರಿಸಿಕೊಳ್ಳಕೂಡದು. ಹೀಗೆ ಲೀಗು ಎಂಬುದು ಪಂದ್ಯಗಳ ಪಟ್ಟಿಯಷ್ಟೇ ಆಗದೆ ನಗರಗಳನ್ನೂ ಆಟಗಾರರನ್ನೂ ಹಂಚಿಕೊಡುವ ಒಡಂಬಡಿಕೆಯಾಯಿತು. ಲೀಗಿನ ಕೇಂದ್ರಸಂಸ್ಥೆ ಒಂದು ನಗರದ ಹೆಸರಿನಲ್ಲಿ ತಂಡ ಕಟ್ಟುವ ಹಕ್ಕನ್ನು ಕೊಡುತ್ತದೆ. ಹಕ್ಕುದಾರನು ಅದಕ್ಕೆ ಹಣ ತೆರುತ್ತಾನೆ. ೨೦೦೮ರ ಭಾರತೀಯ ಲೀಗಿನ ವಂಶವೃಕ್ಷವನ್ನು ಹುಡುಕುವವರು ಕ್ರಿಕೆಟ್ಟಿನ ಕೌಂಟಿಗಳಲ್ಲಿ ಮಾತ್ರ ಹುಡುಕಿದರೆ ಅದರ ಬೇರು ಸಿಕ್ಕುವುದಿಲ್ಲ.

೩

ಕ್ರಿಕೆಟ್ಟಿನಲ್ಲಿ ಖಾಸಗಿ ವೃತ್ತಿಸಾಹಸವೇನೂ ಹೊಸದಲ್ಲ. ನಾಟಿಂಗ್‌ಹ್ಯಾಮಿನ ವಿಲಿಯಂ ಕ್ಲಾರ್ಕ್ ಮೂಲತಃ ಇಟ್ಟಿಗೆ ಕಟ್ಟುವ ಗಾರೆಯವನು. ಟ್ರೆಂಟ್ ಬ್ರಿಜ್ ಸೇತುವೆಯ ಬಳಿಯ ವಸತಿಗೃಹದ ಒಡತಿಯಾಗಿದ್ದ ವಿಧವೆಯನ್ನು ಮದುವೆಯಾಗಿ, ಅದರ ಹಿತ್ತಲ ಬಯಲನ್ನು ಆಟದ ಮೈದಾನವಾಗಿ ಮಾಡಿ ಪ್ರೇಕ್ಷಕರಿಂದ ಪ್ರವೇಶಧನವನ್ನು ಪಡೆದನು. ೧೮೪೬ರಲ್ಲಿ ಅವನು ಇಂಗ್ಲೆಂಡಿನ ಶ್ರೇಷ್ಠ ಆಟಗಾರರನ್ನು ಕೂಡಿಸಿ ಆಲ್ ಇಂಗ್ಲೆಂಡ್ ಇಲೆವೆನ್ ಎಂಬ ತಂಡವನ್ನು ಕಟ್ಟಿದನು. ಆಗತಾನೆ ಹರಡುತ್ತಿದ್ದ ರೈಲು ಮಾರ್ಗಗಳ ನೆರವಿನಿಂದ ಈ ತಂಡ ಊರೂರು ತಿರುಗಿ, ಎದುರಾಳಿಗಳಿಗೆ ಇಪ್ಪತ್ತು ಇಪ್ಪತ್ತೆರಡು ಮಂದಿಯನ್ನು ಆಡಿಸಲು ಅವಕಾಶ ಕೊಟ್ಟು ಪಂದ್ಯಗಳನ್ನಾಡಿತು. ಉತ್ತಮ ಕ್ರಿಕೆಟ್ಟನ್ನು ಎಂದೂ ಕಾಣದಿದ್ದ ಸಣ್ಣ ಪಟ್ಟಣಗಳಿಗೆ ಆಟವನ್ನು ಕೊಂಡೊಯ್ದ ಕೀರ್ತಿ ಕ್ಲಾರ್ಕನದು.

ಆದರೆ ಆದಾಯದ ಹಂಚಿಕೆಯಲ್ಲಿ ಬೇಗನೆ ಒಡಕು ಬಂತು. ಗಳಿಕೆಯ ದೊಡ್ಡ ಪಾಲು ಕ್ಲಾರ್ಕನ ಕೈಯಲ್ಲೇ ಉಳಿಯುತ್ತದೆಂದು ಆಟಗಾರರು ಅಸಮಾಧಾನಗೊಂಡರು. ೧೮೫೨ರಲ್ಲಿ ಜಾನ್ ವಿಸ್ಡನ್, ಜೆಮಿ ಡೀನ್ ಮೊದಲಾದವರು ಬೇರೆಯಾಗಿ ಯುನೈಟೆಡ್ ಆಲ್ ಇಂಗ್ಲೆಂಡ್ ಇಲೆವೆನ್ ಎಂಬ ಇನ್ನೊಂದು ತಂಡವನ್ನು ಕಟ್ಟಿದರು. ೧೮೫೬ರಲ್ಲಿ ಕ್ಲಾರ್ಕ್ ತೀರಿಕೊಂಡ ಮೇಲೆಯೇ ಈ ಎರಡು ತಂಡಗಳು ಪರಸ್ಪರ ಆಡಿದ್ದು. ಕೌಂಟಿ ಸಂಸ್ಥೆಗಳು ಬಲಗೊಂಡಂತೆ ಸಂಚಾರಿ ತಂಡಗಳು ಕ್ಷೀಣಿಸಿದುವು; ಆಟದ ಒಡೆತನ ಕುಲೀನರ ಮತ್ತು ಹವ್ಯಾಸಿಗಳ ಸಮಿತಿಗಳಿಗೆ ಸೇರಿತು. ವೃತ್ತಿ ಆಟಗಾರನು ಅಲ್ಲಿ ಸಂಬಳದ ನೌಕರನಾದನು. ಮುಂದಿನ ನೂರು ವರ್ಷಗಳ ಕಾಲ ಈ ವ್ಯವಸ್ಥೆಯನ್ನು ಗಂಭೀರವಾಗಿ ಅಲುಗಾಡಿಸಿದವರಿಲ್ಲ.

೪

ಅಲುಗಾಡಿಸಿದವನು ಆಸ್ಟ್ರೇಲಿಯದ ಕೆರಿ ಪ್ಯಾಕರ್. ಅವನು ಚಾನೆಲ್ ನೈನ್ ಎಂಬ ದೂರದರ್ಶನ ಸಂಸ್ಥೆಯ ಒಡೆಯ. ೧೯೭೬ರಲ್ಲಿ ಟೆಸ್ಟ್ ಪಂದ್ಯಗಳ ಪ್ರಸಾರದ ಏಕಮಾತ್ರ ಹಕ್ಕಿಗಾಗಿ ಅವನು ಆಸ್ಟ್ರೇಲಿಯದ ಕ್ರಿಕೆಟ್ ಮಂಡಲಿಗೆ ಮೂರು ವರ್ಷಕ್ಕೆ ೧೫ ಲಕ್ಷ ಡಾಲರುಗಳನ್ನು ಕೊಡಲು ಸಿದ್ಧನಿದ್ದನು. ಮಂಡಲಿ ಅದನ್ನು ತಳ್ಳಿಹಾಕಿ, ಅದಕ್ಕಿಂತ ಬಹಳ ಕಡಿಮೆ ಮೊತ್ತಕ್ಕೆ ಸರಕಾರಿ ಪ್ರಸಾರ ಸಂಸ್ಥೆಯೊಡನೆಯೇ ಉಳಿಯಿತು. ಆಗ ಪ್ಯಾಕರನು ಗುಟ್ಟಾಗಿ ಲೋಕದ ಪ್ರಮುಖ ಆಟಗಾರರೊಡನೆ ಕರಾರು ಮಾಡಿಕೊಂಡನು. ೧೯೭೭ರ ಮೇ ತಿಂಗಳಲ್ಲಿ ಸುದ್ದಿ ಹೊರಬಿದ್ದಾಗ ಅವನ ಸಹಾಯಕ್ಕೆ ನಿಂತಿದ್ದ ಟೋನಿ ಗ್ರೆಗ್ ಇಂಗ್ಲೆಂಡಿನ ನಾಯಕತ್ವವನ್ನು ಕಳೆದುಕೊಂಡನು.

ಅಂತರರಾಷ್ಟ್ರೀಯ ಸಂಸ್ಥೆಯೂ ಇಂಗ್ಲೆಂಡಿನ ಮಂಡಲಿಯೂ ಇಂಥ ಆಟಗಾರರಿಗೆ ಬಹಿಷ್ಕಾರ ವಿಧಿಸಿದುವು. ಗ್ರೆಗ್, ಸ್ನೋ, ಪ್ರಾಕ್ಟರ್ ಎಂಬ ಮೂವರೂ ಪ್ಯಾಕರನ ಸಂಸ್ಥೆಯೂ ಲಂಡನ್ನಿನ ಹೈಕೋರ್ಟಿನ ಮೊರೆಹೊಕ್ಕರು. ೧೯೭೭ರ ನವೆಂಬರ್ ೨೫ರಂದು ನ್ಯಾಯಮೂರ್ತಿ ಸ್ಲೇಡ್ ಅವರು ಈ ನಿಷೇಧ ದುಡಿಮೆಯ ಸ್ವಾತಂತ್ರ್ಯಕ್ಕೆ ಅಕ್ರಮವಾದ ಅಡ್ಡಿಯೆಂದು ತೀರ್ಪಿತ್ತರು. ಆಟದ ಇತಿಹಾಸದಲ್ಲಿ ಈ ತೀರ್ಪಿಗೆ ವಿಶೇಷ ಮಹತ್ತ್ವವುಂಟು. ಆಟಗಾರನು ಕೇವಲ ದೇಶದ ಪ್ರತಿನಿಧಿಯಲ್ಲ, ದುಡಿದು ಬದುಕುವವನೂ ಹೌದು ಎಂಬುದು ಕಾನೂನಿನ ಮಾತಿನಲ್ಲಿ ಸ್ಥಿರಪಟ್ಟಿತು.

ಆದರೆ ತೀರ್ಪಿನಿಂದ ಮೈದಾನ ದೊರೆಯಲಿಲ್ಲ. ಸಂಪ್ರದಾಯದ ಮೈದಾನಗಳು ಮೊದಲನೆಯ ವರ್ಷ ಪ್ಯಾಕರನಿಗೆ ಮುಚ್ಚಿದ್ದುವು. ಅವನು ಫುಟ್‌ಬಾಲ್ ಮೈದಾನಗಳನ್ನೂ ವಸ್ತುಪ್ರದರ್ಶನದ ಬಯಲನ್ನೂ ಬಾಡಿಗೆಗೆ ಹಿಡಿದು, ಬೇರೆಡೆ ಬೆಳೆಸಿದ ಪಿಚ್ಚನ್ನು ಯಂತ್ರದಿಂದ ಎತ್ತಿ ತಂದು ಕೂರಿಸಬೇಕಾಯಿತು. ೧೯೭೭ರ ಡಿಸೆಂಬರ್ ೨ರಂದು ಮೆಲ್ಬರ್ನಿನ ವಿಎಫ್‌ಎಲ್ ಪಾರ್ಕಿನಲ್ಲಿ ಅವನ ಮೊದಲ ಮಹಾಪಂದ್ಯ ಆರಂಭವಾಯಿತು. ಅದೇ ದಿನ ಬ್ರಿಸ್ಬೇನಿನಲ್ಲಿ ಭಾರತ ಮತ್ತು ಆಸ್ಟ್ರೇಲಿಯಗಳ ನಡುವಣ ಅಧಿಕೃತ ಟೆಸ್ಟ್ ಸರಣಿಯೂ ಆರಂಭವಾದುದು ಗಮನಾರ್ಹ. ಹಳೆಯ ಮಂಡಲಿ ತನ್ನ ಉತ್ತಮ ಆಟಗಾರರನ್ನು ಕಳೆದುಕೊಂಡು, ನಿವೃತ್ತನಾಗಿದ್ದ ೪೧ ವರ್ಷದ ಬಾಬ್ ಸಿಂಪ್ಸನ್ನನನ್ನು ನಾಯಕನನ್ನಾಗಿ ಕರೆತಂದಿತ್ತು. ಆದರೂ ಜನ ಆ ಸರಣಿಯನ್ನೇ ನೋಡಿದರು. ಅದಕ್ಕೆ ಒಂದು ಕಾರಣ ಭಾರತ ತಂಡದ ಹೋರಾಟ. ಮೆಲ್ಬರ್ನ್ ಟೆಸ್ಟಿನಲ್ಲಿ ನಮ್ಮ ಬಿ. ಎಸ್. ಚಂದ್ರಶೇಖರ್ ಎರಡು ಸರದಿಗಳಲ್ಲಿಯೂ ೫೨ ರನ್ನಿಗೆ ೬ ವಿಕೆಟ್ ಪಡೆದು, ಆಸ್ಟ್ರೇಲಿಯದ ನೆಲದಲ್ಲಿ ಭಾರತಕ್ಕೆ ಮೊದಲನೆಯ ಟೆಸ್ಟ್ ಗೆಲುವನ್ನು ತಂದುಕೊಟ್ಟರು. ಐದು ಪಂದ್ಯಗಳ ಆ ಸರಣಿ ೩–೨ರಲ್ಲಿ ಆಸ್ಟ್ರೇಲಿಯದ ಪಾಲಾಯಿತು. ಶ್ರೇಷ್ಠ ಆಟಗಾರರಿದ್ದ ಮಾತ್ರಕ್ಕೆ ಪ್ರೇಕ್ಷಕರು ಬರುವುದಿಲ್ಲ. ಪಂದ್ಯಕ್ಕೆ ಅರ್ಥ ಕೊಡುವ ಮಾನ್ಯತೆ ಬೇರೆಯೇ ಒಂದು ಬಂಡವಾಳ ಎಂಬುದನ್ನು ಪ್ಯಾಕರನು ಆ ಬೇಸಗೆಯಲ್ಲಿ ಕಲಿತನು.

ಎರಡನೆಯ ವರ್ಷ ಸಿಡ್ನಿಯ ಹಳೆಯ ಮೈದಾನ ಅವನಿಗೆ ತೆರೆಯಿತು. ೧೯೭೮ರ ನವೆಂಬರ್ ೨೮ರಂದು ವಿದ್ಯುದ್ದೀಪಗಳ ಬೆಳಕಿನಲ್ಲಿ ನಡೆದ ಪಂದ್ಯಕ್ಕೆ ೪೪ ಸಾವಿರಕ್ಕೂ ಹೆಚ್ಚು ಜನ ಸೇರಿದರು. ೧೯೭೯ರ ಮೇ ೩೦ರಂದು ಸಂಧಿಯಾಯಿತು. ಪ್ಯಾಕರನಿಗೆ ಅವನು ಮೊದಲು ಕೇಳಿದ್ದ ಪ್ರಸಾರದ ಹಕ್ಕೂ ಪ್ರಚಾರದ ಗುತ್ತಿಗೆಯೂ ದೊರೆತುವು. ಅವನ ಲೀಗು ಮುಚ್ಚಿತು. ಆಟಗಾರರ ದಂಗೆಯಾಗಿ ಕಂಡದ್ದು ಕೊನೆಗೆ ಪ್ರಸಾರದ ಒಪ್ಪಂದವಾಗಿ ಮುಗಿಯಿತು.

೫

ಇನ್ನು ಭಾರತದ ಸ್ಥಿತಿಯನ್ನು ನೋಡೋಣ. ಇಲ್ಲಿ ಮೊದಲು ಜನಪ್ರಿಯವಾದ ಪಂದ್ಯಾವಳಿ ಬೊಂಬಾಯಿಯದು. ಪಾರ್ಸಿಗಳು ಮತ್ತು ಐರೋಪ್ಯರ ನಡುವಣ ಪಂದ್ಯಗಳಾಗಿ ಆರಂಭವಾದ ಅದು ೧೯೦೭ರಲ್ಲಿ ಹಿಂದೂಗಳು ಸೇರಿ ತ್ರಿಕೋಣವೂ, ೧೯೧೨ರಲ್ಲಿ ಮುಸ್ಲಿಮರು ಸೇರಿ ಚತುಷ್ಕೋಣವೂ, ೧೯೩೭ರಲ್ಲಿ ಉಳಿದ ಮತದವರ ತಂಡ ಸೇರಿ ಪಂಚಕೋಣವೂ ಆಯಿತು. ಮತದ ಹೆಸರಿನ ತಂಡಗಳನ್ನು ಗಾಂಧೀಜಿಯವರು ೧೯೪೦ರಲ್ಲಿ ಖಂಡಿಸಿದರು. ೧೯೪೬ರ ಹೊತ್ತಿಗೆ ಅದು ಮುಕ್ತಾಯವಾಯಿತು. ೧೯೨೮ರಲ್ಲಿ ಸ್ಥಾಪಿತವಾದ ಭಾರತೀಯ ಕ್ರಿಕೆಟ್ ನಿಯಂತ್ರಣ ಮಂಡಲಿ ೧೯೩೪ರಿಂದ ನಡೆಸಿದ ರಣಜಿ ಪಂದ್ಯಾವಳಿಯಲ್ಲಿ ತಂಡಗಳಿಗೆ ಪ್ರಾಂತ್ಯವೇ ಆಧಾರ. ಮತದಿಂದ ಪ್ರಾಂತ್ಯಕ್ಕೆ ಬಂದ ಈ ಬದಲಾವಣೆ ಸಾಮಾನ್ಯವಾದುದಲ್ಲ. ೧೯೭೩–೭೪ರಲ್ಲಿ ಕರ್ನಾಟಕ ರಣಜಿ ಪಾರಿತೋಷಕವನ್ನು ಮೊದಲ ಬಾರಿಗೆ ಗೆದ್ದಾಗ ನಾಡಿನವರು ಪಟ್ಟ ಸಂತೋಷಕ್ಕೆ ಈ ಪ್ರಾಂತ್ಯಭಾವನೆಯೇ ಮೂಲ.

ಆದರೆ ರಣಜಿ ಆಟಗಾರನ ಜೀವನಾಧಾರ ಆಟವಾಗಿರಲಿಲ್ಲ. ಬ್ಯಾಂಕು, ರೈಲ್ವೆ, ಸರಕಾರಿ ಉದ್ಯಮ ಇವುಗಳಲ್ಲಿ ದೊರೆತ ನೌಕರಿಯೇ ಅವನನ್ನು ಸಾಕುತ್ತಿತ್ತು. ರಾಜರ ಆಶ್ರಯದ ಸ್ಥಾನವನ್ನು ಸ್ವಾತಂತ್ರ್ಯಾನಂತರ ಕಛೇರಿಯ ಆಶ್ರಯ ಪಡೆಯಿತು ಎನ್ನಬಹುದು.

ಪ್ರಸಾರದ ಕಥೆ ಬೇರೆ. ೧೯೯೩ರಲ್ಲಿ ಬಂಗಾಳದ ಕ್ರಿಕೆಟ್ ಸಂಸ್ಥೆ ಹೀರೋ ಕಪ್ ಪಂದ್ಯಾವಳಿಯ ಪ್ರಸಾರವನ್ನು ವಿದೇಶೀ ಸಂಸ್ಥೆಯೊಂದಕ್ಕೆ ಒಪ್ಪಿಸಿದಾಗ ಸರಕಾರದೊಡನೆ ವಿವಾದವುಂಟಾಯಿತು. ೧೯೯೫ರ ಫೆಬ್ರವರಿಯಲ್ಲಿ ಸರ್ವೋಚ್ಚ ನ್ಯಾಯಾಲಯ, ಆಕಾಶತರಂಗಗಳು ಸಾರ್ವಜನಿಕ ಸ್ವತ್ತು, ಅವುಗಳ ಮೇಲೆ ಸರಕಾರಕ್ಕಾಗಲಿ ಬೇರೆ ಯಾರಿಗಾಗಲಿ ಏಕಸ್ವಾಮ್ಯವಿಲ್ಲ ಎಂದು ನಿರ್ಣಯಿಸಿತು. ಈ ತೀರ್ಪಿನ ಆಶಯ ಪ್ರಜೆಯ ತಿಳಿಯುವ ಹಕ್ಕು. ಅದರ ಒಂದು ಫಲ ಕ್ರಿಕೆಟ್ ಪ್ರಸಾರದ ಮಾರುಕಟ್ಟೆ. ಕೇಬಲ್ ದೂರದರ್ಶನ ಹರಡಿದಂತೆ ನಿಯಂತ್ರಣ ಮಂಡಲಿಯ ಆದಾಯ ಬೆಳೆಯಿತು.

೨೦೦೪ರಲ್ಲಿ ಜೀ ಸಂಸ್ಥೆ ಅತ್ಯಧಿಕ ಮೊತ್ತವನ್ನು ಸೂಚಿಸಿದರೂ ಪ್ರಸಾರದ ಹಕ್ಕು ಅದಕ್ಕೆ ದಕ್ಕಲಿಲ್ಲ. ಈ ವ್ಯಾಜ್ಯದಲ್ಲಿ ೨೦೦೫ರ ಫೆಬ್ರವರಿ ೨ರಂದು ಐವರು ನ್ಯಾಯಮೂರ್ತಿಗಳ ಸಂವಿಧಾನಪೀಠ ತೀರ್ಪು ನೀಡಿತು. ಬಹುಮತದ ತೀರ್ಪನ್ನು ಬರೆದವರು ಕರ್ನಾಟಕದವರೇ ಆದ ನ್ಯಾಯಮೂರ್ತಿ ಎನ್. ಸಂತೋಷ್ ಹೆಗ್ಡೆಯವರು. ನಿಯಂತ್ರಣ ಮಂಡಲಿ ಸಂವಿಧಾನದ ೧೨ನೆಯ ಅನುಚ್ಛೇದದ ಅರ್ಥದಲ್ಲಿ ಪ್ರಭುತ್ವವಲ್ಲ ಎಂಬುದು ಮೂವರ ಮತ. ಇಬ್ಬರು ಭಿನ್ನಮತ ತಳೆದರು. ಈ ಎರಡು ತೀರ್ಪುಗಳನ್ನು ಒಟ್ಟಿಗೆ ಓದಿದಾಗ ೨೦೦೭ರ ರಂಗಸ್ಥಳ ಸಿದ್ಧವಾದ ಬಗೆ ತಿಳಿಯುತ್ತದೆ. ಪ್ರಸಾರ ಮುಕ್ತವಾಗಿತ್ತು, ಆಟದ ಆಡಳಿತ ಖಾಸಗಿಯಾಗಿ ಉಳಿದಿತ್ತು, ಆದರೆ ದೇಶದ ಹೆಸರಿನಲ್ಲಿ ತಂಡವನ್ನು ಕಳುಹಿಸುವ ಅಧಿಕಾರ ಆ ಖಾಸಗಿ ಮಂಡಲಿಯದೇ.

೬

ಇಪ್ಪತ್ತು ಓವರುಗಳ ಆಟ ಇಂಗ್ಲೆಂಡಿನಲ್ಲಿ ೨೦೦೩ರ ಜೂನ್ ತಿಂಗಳಲ್ಲಿ ಆರಂಭವಾದುದು. ಕೌಂಟಿ ಪಂದ್ಯಗಳಿಗೆ ಜನ ಬಾರದಿದ್ದುದೇ ಅದಕ್ಕೆ ಕಾರಣ. ಸಂಜೆ ಕೆಲಸ ಮುಗಿಸಿ ಬಂದವನು ಮೂರು ಗಂಟೆಯಲ್ಲಿ ಪಂದ್ಯವನ್ನು ಪೂರ್ತಿ ನೋಡಿ ಮನೆಗೆ ಹೋಗಬಹುದೆಂಬುದು ಅದರ ಲೆಕ್ಕಾಚಾರ. ಭಾರತದ ಮಂಡಲಿಗೆ ಈ ಆಟದಲ್ಲಿ ಮೊದಲು ಉತ್ಸಾಹವಿರಲಿಲ್ಲ. ಭಾರತ ತಂಡ ಇಂಥ ಮೊದಲ ಅಂತರರಾಷ್ಟ್ರೀಯ ಪಂದ್ಯವನ್ನಾಡಿದ್ದು ೨೦೦೬ರ ಡಿಸೆಂಬರಿನಲ್ಲಿ.

೨೦೦೭ರ ಮಾರ್ಚಿಯಲ್ಲಿ ವೆಸ್ಟ್ ಇಂಡೀಸಿನ ವಿಶ್ವಕಪ್ಪಿನಿಂದ ಭಾರತ ಮೊದಲ ಸುತ್ತಿನಲ್ಲೇ ಹೊರಬಿದ್ದಿತು. ಮುಂದಿನ ತಿಂಗಳೇ ಜೀ ಸಂಸ್ಥೆಯ ಸುಭಾಷ್ ಚಂದ್ರರು ಇಂಡಿಯನ್ ಕ್ರಿಕೆಟ್ ಲೀಗನ್ನು ಘೋಷಿಸಿದರು. ೧೯೮೩ರ ವಿಶ್ವವಿಜಯಿ ನಾಯಕ ಕಪಿಲ್ ದೇವ್ ಅದರ ಕಾರ್ಯಮಂಡಲಿಯ ಮುಖ್ಯಸ್ಥರಾದರು. ಪ್ಯಾಕರನ ಕಥೆಯ ಪುನರಾವೃತ್ತಿ ಇಲ್ಲಿ ಸ್ಪಷ್ಟವಾಗಿದೆ: ಪ್ರಸಾರದ ಹಕ್ಕು ದೊರೆಯದವನು ಪ್ರಸಾರಕ್ಕೆ ಬೇಕಾದ ಆಟವನ್ನೇ ತಾನು ಸೃಷ್ಟಿಸಿಕೊಳ್ಳುವುದು.

ಮಂಡಲಿಯ ಪ್ರತಿಕ್ರಿಯೆ ತ್ವರಿತವಾಗಿತ್ತು. ಕಪಿಲ್ ದೇವರನ್ನು ಬೆಂಗಳೂರಿನ ರಾಷ್ಟ್ರೀಯ ಕ್ರಿಕೆಟ್ ಅಕಾಡೆಮಿಯ ಅಧ್ಯಕ್ಷಸ್ಥಾನದಿಂದ ತೆಗೆಯಲಾಯಿತು. ಆ ಲೀಗಿಗೆ ಸೇರಿದ ಆಟಗಾರರಿಗೆ ಮಂಡಲಿಯ ಎಲ್ಲ ಪಂದ್ಯಗಳೂ ಮುಚ್ಚಿದುವು. ರಾಜ್ಯಸಂಸ್ಥೆಗಳ ಹಿಡಿತದಲ್ಲಿದ್ದ ಮೈದಾನಗಳು ಅದಕ್ಕೆ ದೊರೆಯಲಿಲ್ಲ. ಆದುದರಿಂದಲೇ ಚೆನ್ನೈ, ಮುಂಬಯಿ, ಕೋಲ್ಕತ ಎಂಬ ಹೆಸರುಗಳನ್ನು ಹೊತ್ತ ಆರು ತಂಡಗಳೂ ಮೊದಲನೆಯ ಪಂದ್ಯಾವಳಿಯನ್ನು ಪಂಚಕುಲದ ಒಂದೇ ಕ್ರೀಡಾಂಗಣದಲ್ಲಿ ಆಡಬೇಕಾಯಿತು. ತನ್ನ ನಗರದಲ್ಲಿ ಆಡಲಾರದ ನಗರದ ತಂಡಕ್ಕೆ ಆ ನಗರದ ಜನ ಹೇಗೆ ಒಲಿದಾರು?

೨೦೦೭ರ ಸೆಪ್ಟೆಂಬರ್ ೧೩ರಂದು, ಮಂಡಲಿಯ ಉಪಾಧ್ಯಕ್ಷರಲ್ಲೊಬ್ಬರಾದ ಲಲಿತ್ ಮೋದಿಯವರ ನೇತೃತ್ವದಲ್ಲಿ ದೆಹಲಿಯಲ್ಲಿ ಇಂಡಿಯನ್ ಪ್ರೀಮಿಯರ್ ಲೀಗಿನ ಘೋಷಣೆಯಾಯಿತು. ಅದೇ ತಿಂಗಳ ೨೪ರಂದು ಜೋಹಾನ್ಸ್‌ಬರ್ಗಿನಲ್ಲಿ ಭಾರತ ತಂಡ ಪಾಕಿಸ್ತಾನವನ್ನು ೫ ರನ್ನುಗಳಿಂದ ಸೋಲಿಸಿ ಮೊದಲ ಇಪ್ಪತ್ತು ಓವರುಗಳ ವಿಶ್ವಕಪ್ಪನ್ನು ಗೆದ್ದಿತು. ಘೋಷಣೆ ಗೆಲುವಿಗಿಂತ ಮೊದಲು ಬಂದಿತೆಂಬುದನ್ನು ಮರೆಯಬಾರದು. ಗೆಲುವು ಲೀಗನ್ನು ಹುಟ್ಟಿಸಲಿಲ್ಲ. ಹುಟ್ಟಿದ ಲೀಗಿಗೆ ಬೆಲೆ ತಂದಿತು. ಹುಟ್ಟಿಸಿದ್ದು ಪ್ರತಿಸ್ಪರ್ಧಿಯ ಭಯ.

೭

ಸ್ಥಾಪನೆಯ ಕ್ರಮವನ್ನು ಸೂಕ್ಷ್ಮವಾಗಿ ನೋಡಬೇಕು. ಮೊದಲು ಪ್ರಸಾರ, ಬಳಿಕ ನಗರ, ಕೊನೆಗೆ ಆಟಗಾರ ಎಂಬ ಅನುಕ್ರಮದಲ್ಲಿ ಮಾರಾಟ ನಡೆಯಿತು. ೨೦೦೮ರ ಜನವರಿಯಲ್ಲಿ ಹತ್ತು ವರ್ಷಗಳ ಪ್ರಸಾರದ ಹಕ್ಕು ೧೦೦ ಕೋಟಿ ಡಾಲರುಗಳಿಗೂ ಹೆಚ್ಚಿನ ಮೊತ್ತಕ್ಕೆ ಸೋನಿ ಮತ್ತು ವರ್ಲ್ಡ್ ಸ್ಪೋರ್ಟ್ ಗ್ರೂಪ್ ಸಂಸ್ಥೆಗಳಿಗೆ ಹೋಯಿತು. ಒಂದು ಎಸೆತವೂ ಬೀಳುವ ಮೊದಲೇ ಆದಾಯ ಖಚಿತವಾಯಿತು. ಅದರ ಬಹುಪಾಲು ತಂಡಗಳ ಒಡೆಯರಿಗೆ ಹಂಚಿಕೆಯಾಗುವುದೆಂಬ ಭರವಸೆಯ ಮೇಲೆ ಅದೇ ತಿಂಗಳ ೨೪ರಂದು ಎಂಟು ನಗರಗಳ ಹಕ್ಕುಗಳು ಮಾರಾಟವಾದುವು. ಕನಿಷ್ಠ ಬೆಲೆ ೫ ಕೋಟಿ ಡಾಲರ್. ಮುಂಬಯಿಯನ್ನು ರಿಲಯನ್ಸ್ ೧೧ ಕೋಟಿ ೧೯ ಲಕ್ಷಕ್ಕೂ, ಬೆಂಗಳೂರನ್ನು ವಿಜಯ್ ಮಲ್ಯರ ಯುನೈಟೆಡ್ ಬ್ರೂವರೀಸ್ ಸಮೂಹ ೧೧ ಕೋಟಿ ೧೬ ಲಕ್ಷಕ್ಕೂ, ಹೈದರಾಬಾದನ್ನು ಡೆಕ್ಕನ್ ಕ್ರಾನಿಕಲ್ ೧೦ ಕೋಟಿ ೭೦ ಲಕ್ಷಕ್ಕೂ ಪಡೆದುವು. ಚೆನ್ನೈ ೯ ಕೋಟಿ ೧೦ ಲಕ್ಷ, ದೆಹಲಿ ೮ ಕೋಟಿ ೪೦ ಲಕ್ಷ, ಮೊಹಾಲಿ ೭ ಕೋಟಿ ೬೦ ಲಕ್ಷ, ಕೋಲ್ಕತ ೭ ಕೋಟಿ ೫೦ ಲಕ್ಷ, ಜಯಪುರ ೬ ಕೋಟಿ ೭೦ ಲಕ್ಷ. ಒಟ್ಟು ಮೊತ್ತ ೭೨ ಕೋಟಿ ಡಾಲರುಗಳಿಗೂ ಹೆಚ್ಚು. ಇದನ್ನು ಹತ್ತು ವರ್ಷಗಳ ಕಂತುಗಳಲ್ಲಿ ತೆರಬೇಕಾಗಿತ್ತು.

ಫೆಬ್ರವರಿ ೨೦ರಂದು ಮುಂಬಯಿಯಲ್ಲಿ ಆಟಗಾರರ ಹರಾಜು ನಡೆಯಿತು. ಪ್ರತಿ ತಂಡದ ಒಟ್ಟು ವೆಚ್ಚಕ್ಕೆ ೫೦ ಲಕ್ಷ ಡಾಲರುಗಳ ಮಿತಿಯಿತ್ತು. ಧನಿಕ ತಂಡವೇ ಎಲ್ಲ ಆಟಗಾರರನ್ನೂ ಕೊಂಡು ಸ್ಪರ್ಧೆಯನ್ನು ನೀರಸಗೊಳಿಸದಿರಲೆಂಬುದು ಈ ಮಿತಿಯ ಉದ್ದೇಶ. ಸಂಬಳವನ್ನು ತಗ್ಗಿಸಿಡುವುದು ಅದರ ಇನ್ನೊಂದು ಪರಿಣಾಮ. ಮಹೇಂದ್ರ ಸಿಂಗ್ ಧೋನಿಯವರನ್ನು ಚೆನ್ನೈ ೧೫ ಲಕ್ಷ ಡಾಲರುಗಳಿಗೆ ಪಡೆಯಿತು. ತೆಂಡೂಲ್ಕರ್, ಗಂಗೂಲಿ, ದ್ರಾವಿಡ್, ಸೆಹವಾಗ್, ಯುವರಾಜ್ ಸಿಂಗ್ ಎಂಬ ಐವರನ್ನು ಮಾತ್ರ ಹರಾಜಿಗೆ ಸೇರಿಸದೆ ಅವರವರ ನಗರಗಳಿಗೇ ಬಿಟ್ಟುಕೊಡಲಾಯಿತು. ತಂಡದಲ್ಲಿ ಅತ್ಯಧಿಕ ಬೆಲೆ ಪಡೆದವನಿಗಿಂತ ಶೇಕಡ ೧೫ರಷ್ಟು ಹೆಚ್ಚು ಸಂಭಾವನೆ ಅವರಿಗೆ ಸಲ್ಲಬೇಕಾಗಿತ್ತು. ಈ ವಿನಾಯಿತಿಯಲ್ಲಿ ಒಂದು ಒಪ್ಪಿಗೆ ಅಡಗಿದೆ. ಕೊಂಡು ತಂದವರಿಂದಲೇ ತಂಡವೇನೋ ಆಗುತ್ತದೆ, ಊರಿನ ತಂಡವಾಗುವುದಿಲ್ಲ. ಊರಿನವನೊಬ್ಬನಾದರೂ ಅದರ ಮುಂದೆ ನಿಲ್ಲಬೇಕು ಎಂಬುದನ್ನು ವ್ಯಾಪಾರಿಗಳೂ ಅರಿತಿದ್ದರು.

ಹೀಗೆ ಆಟಗಾರ, ಮೈದಾನ, ಪ್ರಸಾರ, ಮಾನ್ಯತೆ ಎಂಬ ನಾಲ್ಕು ಅಂಗಗಳೂ ಕ್ರಿಕೆಟ್ಟಿನ ಚರಿತ್ರೆಯಲ್ಲಿ ಮೊದಲ ಬಾರಿಗೆ ಒಂದು ವೃತ್ತಿಲೀಗಿನಲ್ಲಿ ಕೂಡಿದುವು. ಕ್ಲಾರ್ಕನಿಗೆ ಆಟಗಾರರ ನಿಷ್ಠೆ ಉಳಿಯಲಿಲ್ಲ. ಪ್ಯಾಕರನಿಗೆ ಆಟಗಾರರೂ ಪ್ರಸಾರವೂ ಇದ್ದು, ಮೈದಾನ ತಡವಾಗಿ ದೊರೆಯಿತು, ಮಾನ್ಯತೆ ಸಂಧಿಯಿಂದ ಮಾತ್ರ ಬಂದಿತು. ಇಂಡಿಯನ್ ಕ್ರಿಕೆಟ್ ಲೀಗಿಗೆ ಮೈದಾನವೂ ಇಲ್ಲ, ಮಾನ್ಯತೆಯೂ ಇಲ್ಲ. ನಿಯಂತ್ರಣ ಮಂಡಲಿ ಪ್ರತಿಸ್ಪರ್ಧಿಯ ಕಲ್ಪನೆಯನ್ನು ತನ್ನದಾಗಿಸಿಕೊಂಡು, ತನ್ನಲ್ಲಿ ಮೊದಲೇ ಇದ್ದ ಮೈದಾನ ಮತ್ತು ಮಾನ್ಯತೆಗಳನ್ನು ಅದಕ್ಕೆ ಜೋಡಿಸಿತು.

೮

ಇಲ್ಲಿಗೆ ಲೇಖನವನ್ನು ಮುಗಿಸಿದರೆ ಗೆದ್ದವರ ಚರಿತ್ರೆಯನ್ನು ಮಾತ್ರ ಬರೆದಂತಾಗುತ್ತದೆ. ಈ ಸ್ಥಾಪನೆಯ ಬೆಲೆಯನ್ನು ತೆತ್ತವರಾರೆಂಬುದನ್ನೂ ವಿಚಾರಿಸಬೇಕು. ಇಂಡಿಯನ್ ಕ್ರಿಕೆಟ್ ಲೀಗಿಗೆ ಸೇರಿದವರಲ್ಲಿ ಭಾರತ ತಂಡದಲ್ಲಿ ಎಂದೂ ಆಡದ ಅನೇಕ ರಣಜಿ ಆಟಗಾರರಿದ್ದರು. ಅವರು ಮಾಡಿದ ಅಪರಾಧವೆಂದರೆ ತಮ್ಮ ವೃತ್ತಿಗೆ ದೊರೆತ ಮೊದಲ ಉತ್ತಮ ವೇತನವನ್ನು ಒಪ್ಪಿದುದು. ಆಟಗಾರನ ಸತ್ತ್ವದ ವರ್ಷಗಳು ಕೆಲವೇ. ಅವುಗಳಲ್ಲಿ ಎರಡು ಅವರಿಗೆ ನಷ್ಟವಾದುವು. ೨೦೦೯ರಲ್ಲಿ ಆ ಲೀಗಿನ ಸಂಬಂಧವನ್ನು ಕಡಿದುಕೊಂಡು ಬಂದ ೭೯ ಆಟಗಾರರಿಗೆ ಮಂಡಲಿ ಕ್ಷಮಾದಾನ ನೀಡಿತು. ಕ್ಷಮೆ ಎಂಬ ಮಾತೇ ವಿಚಾರಾರ್ಹವಾದುದು. ೧೯೭೭ರಲ್ಲಿ ಲಂಡನ್ನಿನ ನ್ಯಾಯಾಲಯ ಹಕ್ಕೆಂದು ಕರೆದುದನ್ನು ೨೦೦೯ರಲ್ಲಿ ನಮ್ಮ ಮಂಡಲಿ ತಪ್ಪೆಂದು ಭಾವಿಸಿ ಮನ್ನಿಸಿತು. ಆದರೆ ಈ ಆಟಗಾರರು ಬಿಟ್ಟುಹೋದುದರ ಒತ್ತಡವೇ ಮಂಡಲಿಯನ್ನು ಹೊಸ ಲೀಗಿಗೆ ನೂಕಿತು. ಅದರಿಂದ ಅವರ ಅನಂತರದ ಪೀಳಿಗೆಯ ರಣಜಿ ಆಟಗಾರನಿಗೆ ಆಟವೇ ಜೀವನಾಧಾರವಾಗುವ ಮಾರ್ಗ ತೆರೆಯಿತು.

ಎಲ್ಲ ಅಂಗಗಳೂ ಒಂದೇ ಕೈಯಲ್ಲಿ ಕೂಡಿದುದರ ಪರಿಣಾಮಗಳೂ ಕಾಲಕ್ರಮದಲ್ಲಿ ಕಂಡುಬಂದುವು. ಇನ್ನಾವ ಖಾಸಗಿ ಲೀಗಿಗೂ ಮಾನ್ಯತೆ ಕೊಡುವುದಿಲ್ಲವೆಂದು ಮಂಡಲಿ ಪ್ರಸಾರದ ಕರಾರಿನಲ್ಲಿ ಭರವಸೆಯಿತ್ತಿತ್ತು. ಇದು ಪ್ರಾಬಲ್ಯದ ದುರುಪಯೋಗವೆಂದು ಭಾರತದ ಸ್ಪರ್ಧಾ ಆಯೋಗ ೨೦೧೩ರಲ್ಲಿಯೂ, ಮೇಲ್ಮನವಿಯಲ್ಲಿ ಆ ಆದೇಶ ರದ್ದಾದ ಮೇಲೆ ೨೦೧೭ರಲ್ಲಿ ಪುನಃ, ೫೨ ಕೋಟಿ ರೂಪಾಯಿಗಳಿಗೂ ಹೆಚ್ಚಿನ ದಂಡ ವಿಧಿಸಿತು. ಮಂಡಲಿಯ ಪದಾಧಿಕಾರಿಯೇ ತಂಡದ ಒಡೆತನದಲ್ಲಿ ಪಾಲುಗೊಳ್ಳಲು ಅವಕಾಶ ಕೊಟ್ಟಿದ್ದ ನಿಯಮವನ್ನು ೨೦೧೫ರ ಜನವರಿ ೨೨ರಂದು ಸರ್ವೋಚ್ಚ ನ್ಯಾಯಾಲಯ ತೊಡೆದುಹಾಕಿತು. ಮಂಡಲಿ ಪ್ರಭುತ್ವವಲ್ಲದಿದ್ದರೂ ಅದು ನಡೆಸುವುದು ಸಾರ್ವಜನಿಕ ಕಾರ್ಯವೆಂದು ಸಾರಿತು. ಮಹಿಳೆಯರಿಗಾಗಿ ಇಂಥ ಲೀಗು ಸ್ಥಾಪಿತವಾಗಲು ೨೦೨೩ರ ಮಾರ್ಚಿಯವರೆಗೆ, ಅಂದರೆ ಹದಿನೈದು ವರ್ಷ, ಕಾಯಬೇಕಾಯಿತು. ಅದರ ಐದು ತಂಡಗಳ ಹಕ್ಕುಗಳು ೪,೬೬೯ ಕೋಟಿ ರೂಪಾಯಿಗಳಿಗೂ ಮೀರಿ ಮಾರಾಟವಾದುದನ್ನು ನೋಡಿದರೆ, ಈ ವಿಳಂಬಕ್ಕೆ ಬೇಡಿಕೆಯ ಅಭಾವ ಕಾರಣವಾಗಿತ್ತೆಂದು ಹೇಳುವುದು ಕಷ್ಟ.

ಕೊನೆಯ ಪ್ರಶ್ನೆ ನಗರದ ಹೆಸರಿಗೆ ಸಂಬಂಧಿಸಿದುದು. ಬೆಂಗಳೂರಿನ ಹೆಸರನ್ನು ೨೦೦೮ರಲ್ಲಿ ಮಂಡಲಿ ಮಾರಿತು, ಒಂದು ಉದ್ಯಮ ಕೊಂಡಿತು. ನಗರದ ಪ್ರಜೆಗಳಿಗೆ ಈ ವ್ಯವಹಾರದಲ್ಲಿ ಪಾಲಿರಲಿಲ್ಲ. ಸದಸ್ಯತ್ವವಾಗಲಿ ಮತವಾಗಲಿ ಇರಲಿಲ್ಲ. ಆದರೂ ಅವರು ಆ ತಂಡವನ್ನು ತಮ್ಮದೆಂದು ಬಗೆದರು. ಮೊದಲ ವರ್ಷ ಎಂಟು ತಂಡಗಳಲ್ಲಿ ಏಳನೆಯದಾಗಿ ನಿಂತ ತಂಡವನ್ನು ಹದಿನೇಳು ಋತುಗಳ ಸೋಲಿನುದ್ದಕ್ಕೂ ಬಿಡಲಿಲ್ಲ. ದೆಹಲಿಯಿಂದ ಬಂದ ವಿರಾಟ್ ಕೊಹ್ಲಿಯವರನ್ನು ಮನೆಯವನೆಂದೇ ಕಂಡರು. ಪ್ರಾಂತ್ಯನಿಷ್ಠೆ ಹುಟ್ಟಿನಿಂದ ಬರುವುದೆಂಬ ರಣಜಿ ಕಾಲದ ನಂಬಿಕೆಗೆ ಇದು ಒಂದು ತಿದ್ದುಪಡಿ. ೨೦೨೫ರ ಜೂನ್ ೩ರಂದು ತಂಡ ಮೊದಲ ಬಾರಿಗೆ ಗೆದ್ದಿತು. ಮರುದ��ನ, ಲೀಗಿನ ಮೊದಲ ಪಂದ್ಯ ನಡೆದಿದ್ದ ಅದೇ ಕ್ರೀಡಾಂಗಣದ ಹೊರಗೆ, ವಿಜಯೋತ್ಸವಕ್ಕೆ ಬಂದ ಜನರ ನೂಕುನುಗ್ಗಲಿನಲ್ಲಿ ೧೧ ಮಂದಿ ಪ್ರಾಣ ಕಳೆದುಕೊಂಡರು. ಹಕ್ಕುಪತ್ರದ ಲೆಕ್ಕದಲ್ಲಿ ಪ್ರೇಕ್ಷಕನ ನಿಷ್ಠೆಗೆ ಬೆಲೆಯುಂಟು, ಪ್ರೇಕ್ಷಕನಿಗೆ ಸ್ಥಾನವಿಲ್ಲ. ನಾಲ್ಕು ಅಂಗಗಳೆಂದು ನಾವು ಎಣಿಸಿದುವುಗಳ ಹೊರಗೆ ಐದನೆಯದೊಂದಿದೆ. ಉಳಿದ ನಾಲ್ಕಕ್ಕೂ ಬೆಲೆ ಬರುವುದು ಅದರಿಂದಲೇ.

ಈ ವಿಷಯದಲ್ಲಿ ಆಗಬೇಕಾದ ಕೆಲಸ ಬಹಳವಿದೆ. ಕರ್ನಾಟಕದಲ್ಲಿ ೨೦೦೯ರಲ್ಲಿ ಆರಂಭವಾದ ಕರ್ನಾಟಕ ಪ್ರೀಮಿಯರ್ ಲೀಗ್, ೨೦೨೨ರಲ್ಲಿ ಬಂದ ಮಹಾರಾಜ ಟ್ರೋಫಿ ಇವುಗಳ ದಾಖಲೆಗಳನ್ನು ಕೂಡಿಸಬೇಕು. ಹರಾಜಿನಲ್ಲಿ ಹೆಸರು ಬಂದವರ ಕಥೆಯನ್ನು ಪತ್ರಿಕೆಗಳು ಬರೆದಿಟ್ಟಿವೆ. ಹೆಸರು ಬಾರದೆ ಉಳಿದ ಆಟಗಾರರ, ಮೈದಾನ ಕಾಯುವವರ, ಅಂಕಪಟ್ಟಿ ಬರೆಯುವವರ ನೆನಪುಗಳನ್ನು ಅವರು ಬದುಕಿರುವಾಗಲೇ ಬರೆದುಕೊಳ್ಳಬೇಕು. ನಮ್ಮ ವಿದ್ಯಾರ್ಥಿಗಳು ಇದನ್ನು ಕೈಗೊಂಡಲ್ಲಿ, ಕರಾರುಪತ್ರಗಳಿಂದ ತಿಳಿಯದ ಚರಿತ್ರೆಯ ಒಂದು ಭಾಗ ಉಳಿದುಕೊಳ್ಳುವುದರಲ್ಲಿ ಸಂದೇಹವಿಲ್ಲ.